ಸ್ಪ್ರಿಂಗ್ ಕಾರ್ಖಾನೆ ಬೀದಿ ಬಿಟ್ಟ ಮೇಲೆ

ಮಾರ್ಚ್ 4

ಅತ್ತಿಗೆ,

ಈ ಒಂದು ಮಾತನ್ನು ಬರೆಯದೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಅಣ್ಣನ ಮೊಣಕಾಲು ಹೇಗಿದೆ ಎಂದು ಕೇಳಿ, ಇಲ್ಲಿಯ ಸೆಖೆಯನ್ನು ಬೈದು, ಕಾಗದ ಮುಗಿಸಿಯೂ ಇದ್ದೆ. ಲಕೋಟೆ ಅಂಟಿಸಲು ಹೋದಾಗ ಮನಸ್ಸು ಒಪ್ಪಲಿಲ್ಲ. ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ. ನನ್ನ ವರದಿಯಲ್ಲಿ ನಿಮ್ಮ ಕಾರ್ಖಾನೆ ಇದೆ.

ಹೆಸರು ಹಾಕಿಲ್ಲ. ‘ಹಳೆಯ ಬೀದಿಯಿಂದ ಹೊಸ ಕೈಗಾರಿಕಾ ವಸಾಹತಿಗೆ ಹೋದ ಒಂದು ಸ್ಪ್ರಿಂಗ್ ತಯಾರಿಕಾ ಘಟಕ’ ಎಂದಷ್ಟೇ ಇದೆ. ಆದರೆ ಹಾಗೆ ಹೋದದ್ದು ನೀವೊಬ್ಬರೇ. ನೋಡಿದವರಿಗೆಲ್ಲ ಗೊತ್ತಾಗುತ್ತದೆ.

ನಿಮ್ಮ ನಗರದ ಆಡಳಿತ ನಮ್ಮ ಸಂಸ್ಥೆಯನ್ನು ಕೇಳಿರುವುದು ಇಷ್ಟು. ಒಂದು ಕಾರ್ಖಾನೆಯಲ್ಲಿ ಒಬ್ಬೊಬ್ಬ ಕೆಲಸಗಾರನ ಕೈಯಿಂದ ಎಷ್ಟು ಮಾಲು ಹೊರಬರುತ್ತದೆ ಎನ್ನುವುದು ಅದು ಇರುವ ಜಾಗದಿಂದ ತೀರ್ಮಾನವಾಗುತ್ತದೋ, ಅದರ ಸ್ವಂತ ಗುಣದಿಂದಲೋ? ನಮ್ಮ ಉತ್ತರ ನೋಡಿಕೊಂಡು, ನಿಮ್ಮ ಹಳೆಯ ಬೀದಿಯನ್ನು ಪೂರ್ತಿ ಖಾಲಿ ಮಾಡಿಸಿ ಎಲ್ಲರನ್ನೂ ವಸಾಹತಿಗೆ ಕಳಿಸಬೇಕೋ ಬೇಡವೋ ಎಂದು ಒಂದು ಸಮಿತಿ ಮೇ ತಿಂಗಳಲ್ಲಿ ನಿರ್ಧರಿಸುತ್ತದೆ.

ನನ್ನ ವಾದ ನಿಮಗೆ ಗೊತ್ತಿರುವುದೇ. ಎರಡು ವರ್ಷದ ಹಿಂದೆ ನಾನು ಆ ಬೀದಿಯ ಬಾಗಿಲು ಬಾಗಿಲಿಗೂ ಹೋಗಿ ಎಣಿಸಿದಾಗ, ಅದೇ ಕೈಕೊಡುವ ಕರೆಂಟು, ಅದೇ ಇಕ್ಕಟ್ಟು, ಆದರೂ ನಿಮ್ಮಲ್ಲಿ ತಲೆಗೆ ಬೀಳುವ ಮಾಲು ಅಕ್ಕಪಕ್ಕದವರಿಗಿಂತ ಬಹಳ ಹೆಚ್ಚು. ಜಾಗ ಎಲ್ಲರಿಗೂ ಒಂದೇ ಆದಮೇಲೆ ವ್ಯತ್ಯಾಸ ಕಾರ್ಖಾನೆಯದು, ಅಂದರೆ ನಿಮ್ಮದು. ನಿಮ್ಮ ಗುಣ ಎಲ್ಲಿಗೆ ಹೋದರೂ ನಿಮ್ಮ ಹಿಂದೆಯೇ ಬರುತ್ತದೆ, ಜೊತೆಗೆ ಅಗಲವಾದ ರಸ್ತೆಯೂ ನಿಲ್ಲದ ಕರೆಂಟೂ ಸಿಕ್ಕರೆ ಇನ್ನೇನು ಬೇಕು ಎಂದು ಹೇಳಿ ನಿಮ್ಮನ್ನು ಹೊರಡಿಸಿದವಳೂ ನಾನೇ.

ಕರಡಿನಲ್ಲಿ ನಿಮ್ಮ ಪುಟ ಅರ್ಧ ಖಾಲಿ ಇದೆ. ವಸಾಹತಿಗೆ ಹೋದ ಮೇಲಿನ ಅಂಕಿಗಳು ಬೇಕು. ಫೋನಿನಲ್ಲಿ ಕೇಳಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತೇವೆ, ಆಮೇಲೆ ಅಣ್ಣ ಬಂದು ರಾಜಿ ಮಾಡಿಸಬೇಕಾಗುತ್ತದೆ. ಕಾಗದದಲ್ಲಿ ಸ್ವಲ್ಪ ಮರ್ಯಾದೆ ಇರುತ್ತದೆ.

ಬೀದಿಯಲ್ಲಿರುವ ನಿಮ್ಮ ಹಳೆಯ ಕೋಣೆಯ ಬಾಡಿಗೆ ಕರಾರು ಮೇ ಕೊನೆಗೆ ಮುಗಿಯುತ್ತದಲ್ಲ, ಅದನ್ನು ಬಿಟ್ಟುಬಿಡಿ. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಎಂದು ನಿಲ್ಲಬೇಡಿ.

ನಿಮ್ಮ
ಪುಟ್ಟಿ


ಮಾರ್ಚ್ 15

ನಾದಿನಿ ಮೇಡಂ ಅವರ ಸನ್ನಿಧಾನಕ್ಕೆ,

ವರದಿಯಲ್ಲಿ ನಾನಿದ್ದೇನೆ ಎಂದು ತಿಳಿದ ದಿನ ತಲೆ ಸರಿಯಾಗಿ ಬಾಚಿಕೊಂಡು ಓಡಾಡಿದೆ. ನಿನ್ನ ಅಣ್ಣ, ಏನು ವಿಶೇಷ ಅಂದರು. ಸರ್ಕಾರ ನನ್ನನ್ನು ಓದುತ್ತದೆ ಅಂದೆ.

ಇಲ್ಲಿ ಎಲ್ಲ ದೊಡ್ಡದು. ಷೆಡ್ಡಿನ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳುವುದಿಲ್ಲ, ನನ್ನಂಥ ಗಂಟಲು ಕೂಗಿದರೂ ಕೇಳುವುದಿಲ್ಲ ಅಂದರೆ ನೀನೇ ಅಂದಾಜು ಮಾಡಿಕೋ. ಲಾರಿ ಬಾಗಿಲಿಗೇ ಬಂದು ನಿಲ್ಲುತ್ತದೆ. ಮಾಲನ್ನು ಕೈಗಾಡಿಯಲ್ಲಿ ತಳ್ಳುವುದು, ಗಾಡಿ ಸಿಕ್ಕಿಹಾಕಿಕೊಳ್ಳುವುದು, ಬೀದಿಯವರೆಲ್ಲ ಸೇರಿ ಎತ್ತುವುದು, ಯಾವುದೂ ಇಲ್ಲ. ಹೆಂಗಸರಿಗೆ ಬೇರೆ ಶೌಚಾಲಯ, ಅದಕ್ಕೆ ಒಳಗಿಂದ ಹಾಕಿಕೊಳ್ಳಲು ಒಳ್ಳೆಯ ಚಿಲಕ. ಕರೆಂಟು ಹೋಗುವುದೇ ಇಲ್ಲ. ಅದಕ್ಕೇ ಯಾರಿಗೂ ಕೂತು ಮಾತಾಡಲು ನೆಪ ಸಿಗುವುದಿಲ್ಲ.

ಎಡಕ್ಕೆ ಔಷಧದ ಗೋದಾಮು, ಬಲಕ್ಕೆ ಖಾಲಿ ಸೈಟು. ಗೋದಾಮಿನ ಕಾವಲುಗಾರ ನಾವು ನಕ್ಕರೆ ಗುರುತಿನ ಚೀಟಿ ಕೇಳುತ್ತಾನೆ. ಒಳ್ಳೆಯವನೇ, ಅಭ್ಯಾಸ ಹಾಗೆ.

ಅಣ್ಣನ ಮೊಣಕಾಲು ಸುಧಾರಿಸಿದೆ. ಮಧ್ಯಾಹ್ನವಾದರೆ ಸ್ಕೂಟರ್ ಹತ್ತಿ ಗಾಳಿ ಸೇವನೆಗೆ ಹೋಗುತ್ತಾರೆ. ಮದುವೆಯಾದಂದಿನಿಂದ ಈ ಮನುಷ್ಯ ಗಾಳಿ ಸೇವಿಸಿದ್ದು ನಾನು ನೋಡಿರಲಿಲ್ಲ. ವಯಸ್ಸಾದ ಹಾಗೆ ಹವ್ಯಾಸ ಹುಟ್ಟುತ್ತೆ.

ಅಂಕಿ ಕಳಿಸುತ್ತೇನೆ. ಲೆಕ್ಕ ಬರೆಯುವ ಹುಡುಗಿ ಹೆರಿಗೆಗೆ ಹೋಗಿದ್ದಾಳೆ.

ಬೀದಿಯವರೆಲ್ಲ ಇಲ್ಲಿಗೆ ಬರುವುದು ಖಂಡಿತ ತಾನೆ? ಸಮಿತಿಯ ತಾರೀಖು ಯಾವುದು? ಅದನ್ನು ಮಾತ್ರ ಮರೆಯದೆ ಬರೆ.

ನಿನ್ನ ಅತ್ತಿಗೆ


ಮಾರ್ಚ್ 22

ಅತ್ತಿಗೆ,

ನಿಮ್ಮ ಕಾಗದ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಚಿಲಕದ ವಿಷಯ ವರದಿಗೆ ಸೇರಿಸಿದ್ದೇನೆ, ‘ಮಹಿಳಾ ಕಾರ್ಮಿಕರ ಅನುಕೂಲ’ ಎಂಬ ಹೆಸರಿನಲ್ಲಿ. ಅಣ್ಣನ ಗಾಳಿ ಸೇವನೆಯನ್ನು ಸೇರಿಸಲು ಅಂಕಣವಿಲ್ಲ, ಆದರೆ ಕೇಳಿ ಸಮಾಧಾನವಾಯಿತು. ಯಂತ್ರದ ಪಕ್ಕ ನಿಂತೇ ಕೂದಲು ಬೆಳ್ಳಗೆ ಮಾಡಿಕೊಂಡವನು ಮಧ್ಯಾಹ್ನ ಹೊರಗೆ ಹೋಗುತ್ತಾನೆಂದರೆ, ಕೆಲಸ ತಾನಾಗಿಯೇ ಸಾಗುತ್ತಿದೆ ಎಂದರ್ಥ. ಹೀಗೆಂದು ನಿರ್ದೇಶಕರಿಗೂ ಹೇಳಿದೆ. ಅವರಿಗೆ ನಿಮ್ಮ ಪುಟ ಬಹಳ ಇಷ್ಟವಾಗಿದೆ.

ವರದಿ ಸಲ್ಲಿಸುವುದು ಮೇ 20ಕ್ಕೆ. ಸಮಿತಿ ಆ ವಾರವೇ ಕೂರುತ್ತದೆ. ನೀವು ಬೀದಿಯವರ ಬಗ್ಗೆ ಇಷ್ಟು ಕಾಳಜಿಯಿಂದ ಕೇಳಿದ್ದು ನೋಡಿ, ಬಿಟ್ಟು ಬಂದವರ ನೆನಪು ಕಾಡುತ್ತಿದೆ ಎಂದುಕೊಂಡೆ. ಸಹಜ. ಸ್ವಲ್ಪ ದಿನ ಹಾಗಿರುತ್ತದೆ.

ನನಗೇ ಈಗೀಗ ಒಂದು ಕಡೆ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ, ಮತ್ತೆ ಬಂದು ಅದೇ ಎರಡು ಸಾಲು ಓದುತ್ತೇನೆ. ಇಂಗ್ಲಿಷಿನಲ್ಲಿ ಬರೆದಾಗ ಎಲ್ಲ ಗಟ್ಟಿಯಾಗಿ ಕಾಣುತ್ತದೆ. ಅದನ್ನೇ ನಿಮಗೆ ನಮ್ಮ ಮಾತಿನಲ್ಲಿ ಹೇಳಹೊರಟರೆ ಪ್ರತಿ ವಾಕ್ಯವೂ ತಿರುಗಿ ನಿಂತು ‘ಹೌದಾ?’ ಎನ್ನುತ್ತದೆ. ಅಂಕಿ ಬಂದರೆ ಈ ಚಡಪಡಿಕೆ ನಿಲ್ಲುತ್ತದೆ. ದಯವಿಟ್ಟು ಕಳಿಸಿ.

ಪುಟ್ಟಿ


ಏಪ್ರಿಲ್ 20

ಪುಟ್ಟಿ,

ತಡವಾಯಿತು. ಕೆಲಸ. ಇಬ್ಬರು ಬಿಟ್ಟು ಹೋದರು, ಬಸ್ಸು ದೂರ ಅಂತ. ಹೊಸಬರು ಸಿಗುತ್ತಾರೆ.

ಅಂಕಿ ಎಂದು ಪ್ರಾಣ ತಿನ್ನಬೇಡ. ಮೊದಲಿಗಿಂತ ಚೆನ್ನಾಗಿದೆ ಎಂದು ಬರೆದುಕೋ. ಎಷ್ಟು ಚೆನ್ನಾಗಿದೆ ಎನ್ನುವುದನ್ನು ನಿನ್ನ ಕಡೆಯ ಲೆಕ್ಕದವರು ನೋಡಿಕೊಳ್ಳಲಿ, ಓದಿದವರು.

ಕೋಣೆ ಬಿಡುವ ವಿಷಯ ಮಾಲೀಕರಿಗೆ ಇನ್ನೂ ಹೇಳಿಲ್ಲ. ಮೇ ಕೊನೆಗೆ ಇನ್ನೂ ದಿನ ಇದೆ.

ಬಲಗಡೆಯ ಸೈಟು ಇನ್ನೂ ಖಾಲಿಯೇ ಇದೆ. ಅದು ಯಾರಿಗೆ ಹೋಗುತ್ತದೆ ಎಂದು ನಿನಗೆ ತಿಳಿಯುವ ದಾರಿ ಇದೆಯೇ?

ಅತ್ತಿಗೆ


ಮೇ 6

ಅತ್ತಿಗೆ,

ನಾನು ನಿಮ್ಮ ಊರಿಗೆ ಬಂದಿದ್ದೆ. ಎರಡು ದಿನ. ನಿಮ್ಮ ಮನೆಗೆ ಬರಲಿಲ್ಲ. ಇದನ್ನು ನಿಮಗೆ ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳುತ್ತಿದ್ದೇನೆ.

ಹಳೆಯ ಬೀದಿಯ ಅಂಗಡಿಗಳನ್ನು ಇನ್ನೊಮ್ಮೆ ಎಣಿಸಿಕೊಂಡು ಬರಬೇಕಿತ್ತು. ಬೀದಿ ಮುಗಿಸಿ ಸಂಜೆ ನಿಮ್ಮಲ್ಲಿಗೆ ಬಂದು ಬೆರಗುಗೊಳಿಸೋಣ ಎಂದುಕೊಂಡಿದ್ದೆ. ಸಾಣೆ ಹಿಡಿಯುವ ಕಿಡಿ ಮಾಮನ ಅಂಗಡಿಗೆ ಕಾಲಿಟ್ಟರೆ, ಒಳಗೆ ಬೆನ್ನು ತಿರುಗಿಸಿ ಕುಳಿತ ಒಬ್ಬ ಮನುಷ್ಯ ಕಪ್ಪು ಕನ್ನಡಕ ಹಾಕಿಕೊಂಡು ಸ್ಪ್ರಿಂಗಿನ ತುದಿಗಳನ್ನು ಚಕ್ರಕ್ಕೆ ಕೊಡುತ್ತಿದ್ದ. ಕುತ್ತಿಗೆ ನೋಡಿಯೇ ಗುರುತು ಸಿಕ್ಕಿತು. ಪಕ್ಕದಲ್ಲಿ ನಿಮ್ಮ ಷೆಡ್ಡಿನ ಗುರುತಿರುವ ಮೂರು ಚೀಲ.

ಅಣ್ಣ ಶಾಲೆ ತಪ್ಪಿಸಿ ಸಿಕ್ಕಿಬಿದ್ದವನ ಹಾಗೆ ಎದ್ದು ನಿಂತ.

“ನೀನು ಗಾಳಿ ಸೇವನೆಗೆ ಹೋಗ್ತೀಯ ಅಂತ ಅತ್ತಿಗೆ ಬರೆದಿದ್ರು,” ಅಂದೆ.

“ಅದೇ ನೋಡು,” ಎಂದು ಮುಖದ ಮೇಲಿನ ಕಬ್ಬಿಣದ ಧೂಳು ಒರೆಸಿಕೊಂಡ. “ಈ ಬೀದಿ ಗಾಳಿ ಮೊಣಕಾಲಿಗೆ ಒಳ್ಳೇದು.”

ಕಿಡಿ ಮಾಮ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಅಲ್ಲಿಯೇ ಒಂದು ಸ್ಟೂಲಿನ ಮೇಲೆ ಕುಳಿತು ಮಧ್ಯಾಹ್ನ ಪೂರ್ತಿ ಕಳೆದೆ. ಎರಡು ವರ್ಷದ ಹಿಂದೆ ನಾನು ಯಾವ ಅಂಗಡಿಯಲ್ಲೂ ಹೀಗೆ ಕುಳಿತಿರಲಿಲ್ಲ. ಪ್ರಶ್ನೆ ಕೇಳಿದ್ದೆ, ಉತ್ತರ ಬರೆದುಕೊಂಡಿದ್ದೆ, ಮುಂದಿನ ಬಾಗಿಲಿಗೆ ಹೋಗಿದ್ದೆ.

ಮಾಲನ್ನು ತೊಟ್ಟಿಯಲ್ಲಿ ಅದ್ದಿ ಪ್ಲೇಟಿಂಗ್ ಮಾಡುವ ತೊಟ್ಟಿಯಣ್ಣನ ಕಡೆಯವರಿಬ್ಬರು ಬಂದರು. ಅವರ ತೊಟ್ಟಿ ಕಾಯಲು ಇನ್ನೂ ಹೊತ್ತಿತ್ತಂತೆ. ಬಂದವರು ನಿಮ್ಮ ಚೀಲ ಬಿಚ್ಚಿ, ನೆಲದ ಮೇಲೆ ಕುಳಿತು, ಸೊಟ್ಟಗಾದ ಸ್ಪ್ರಿಂಗುಗಳನ್ನು ಬೇರೆ ಮಾಡತೊಡಗಿದರು. ನಡುವೆ ಅಣ್ಣ ಎದ್ದು ಎದುರಿನ ಕೀಲು ಮಾಡುವವರ ಯಂತ್ರ ಸರಿಮಾಡಿ ಬಂದ. ಯಾರೂ ಯಾರನ್ನೂ ಕರೆದದ್ದು ನನಗೆ ಕೇಳಲಿಲ್ಲ. ಒಂದು ಸದ್ದು ಬದಲಾದರೆ ಯಾರೋ ಎದ್ದು ಹೋಗುತ್ತಿದ್ದರು.

ತೊಟ್ಟಿಯಣ್ಣನ ಕಡೆಯವರಲ್ಲೊಬ್ಬನನ್ನು ಕೇಳಿದೆ: “ನೀವು ಇಲ್ಲೂ ಕೆಲಸ ಮಾಡ್ತೀರಾ?”

“ಇಲ್ಲಮ್ಮ. ನಾನು ತೊಟ್ಟಿಯಣ್ಣನ ಕಡೆ.”

“ಮತ್ತೆ ಇದು?”

“ಇದಾ?” ಅವನು ತನ್ನ ಕೈಗಳನ್ನು ನೋಡಿಕೊಂಡ. ಅವು ನಿಂತಿರಲಿಲ್ಲ. “ಇದು ಕೆಲಸ ಅಲ್ಲ. ಸುಮ್ನೆ ಕೂತಿದೀನಿ.”

ಅತ್ತಿಗೆ, ನನ್ನ ಮೊದಲ ಪ್ರಶ್ನೆ ‘ಇಲ್ಲಿ ಕೆಲಸ ಮಾಡುವವರು ಎಷ್ಟು ಜನ?’ ಎಂಬುದು. ನೀವು ಆಗ ಹನ್ನೊಂದು ಎಂದಿರಿ. ಸುಳ್ಳಲ್ಲ. ಆದರೆ ನಿಮ್ಮ ಹಳೆಯ ಕೋಣೆ ಬೀದಿಯ ನಟ್ಟನಡುವೆ, ತೊಟ್ಟಿಯಣ್ಣನಿಗೂ ಕಿಡಿ ಮಾಮನಿಗೂ ಮಧ್ಯೆ ಇತ್ತು. ಮುಂದೆ ಆ ಅಗಲವಾದ ಜಗಲಿ. ಬೀದಿಯಲ್ಲಿ ಯಾರ ಕೈ ಖಾಲಿಯಾದರೂ ಬಂದು ಕೂರುತ್ತಿದ್ದದ್ದು ಅಲ್ಲಿ. ಕೂತವರು ಸುಮ್ಮನಿರುತ್ತಿರಲಿಲ್ಲ. ಅವರು ಬೇರ್ಪಡಿಸಿದ್ದು, ಕಟ್ಟಿದ್ದು, ಎಣಿಸಿದ್ದು, ಎಲ್ಲವನ್ನೂ ನಾನು ನಿಮ್ಮ ಹನ್ನೊಂದು ಜನರ ತಲೆಗೆ ಹಂಚಿ, ಆಹಾ ಎಂಥ ಕಾರ್ಖಾನೆ ಎಂದೆ. ಅದು ನಿಮ್ಮ ಜೊತೆ ಲಾರಿ ಹತ್ತುತ್ತದೆ ಎಂದೂ ಹೇಳಿದೆ.

ಹಾಗಾದರೆ ಎಲ್ಲ ಜಾಗದ್ದೇ ಎಂದು ಬರೆದುಬಿಡಲೂ ಆಗುತ್ತಿಲ್ಲ. ಈಗ ನಿಮ್ಮ ಕೋಣೆಗೆ ಬೀಗ. ಜಗಲಿ ಅಲ್ಲೇ ಇದೆ, ಅದರ ಮೇಲೆ ಯಾರೂ ಕೂರುವುದಿಲ್ಲ. ನೀವಿದ್ದಾಗ ಬರುತ್ತಿದ್ದರು, ಯಾಕೆಂದರೆ ನೀವು ಅವರನ್ನು ಬೈದು ನಗಿಸುತ್ತಿದ್ದಿರಿ. ಅದನ್ನು ಜಾಗದ ಲೆಕ್ಕಕ್ಕೆ ಹಾಕಲೋ, ನಿಮ್ಮ ಲೆಕ್ಕಕ್ಕೆ ಹಾಕಲೋ? ಎಳೆ ಬಿಡಿಸಲು ಹೋದಷ್ಟೂ ಗಂಟು ಬಿಗಿಯುತ್ತಿದೆ.

ಸಂಜೆ ಅಣ್ಣ ಬಸ್ ನಿಲ್ದಾಣದವರೆಗೆ ಬಂದ. ನಾನು ನೋಡಿದ್ದನ್ನು ನಿಮಗೆ ಹೇಳಬೇಡ ಎಂದ. ಹೊಸ ಷೆಡ್ಡಿನಲ್ಲಿ ನಿಮ್ಮ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ಅದಕ್ಕೇ ಬರಲಿಲ್ಲ. ನಿಜವಾಗಿ ಎಷ್ಟು ಇಳಿದಿದೆ, ಹೇಳಿ. ನನ್ನ ಮುಖ ಉಳಿಸಲು ಮುಚ್ಚಿಟ್ಟಿದ್ದರೆ, ಅದು ಬೇಡ.

ಪುಟ್ಟಿ


ಮೇ 10

ಪುಟ್ಟಿ,

ಊರಿಗೆ ಬಂದು ಮನೆಗೆ ಬರದೆ ಹೋದೆಯಲ್ಲ. ಮೊದಲು ಅದಕ್ಕೆ ನನ್ನ ಸಿಟ್ಟು ತೆಗೆದುಕೋ. ಉಳಿದದ್ದು ಆಮೇಲೆ.

ಅರ್ಧ. ಅರ್ಧಕ್ಕೆ ಇಳಿದಿದೆ. ಯಂತ್ರ ಓಡುತ್ತದೆ, ಸ್ಪ್ರಿಂಗ್ ಬೀಳುತ್ತದೆ, ಬಿದ್ದು ಗುಡ್ಡೆಯಾಗುತ್ತದೆ. ಸಾಣೆಗೆ ಊರಿಗೆ ಹೋಗಬೇಕು, ಪ್ಲೇಟಿಂಗಿಗೆ ಊರಿಗೆ ಹೋಗಬೇಕು. ಮೊದಲು ಕಿಟಕಿಯಿಂದ ಕೈಚಾಚಿ ಕೊಡುತ್ತಿದ್ದದ್ದನ್ನು ಈಗ ನಿನ್ನ ಅಣ್ಣ ಸ್ಕೂಟರಿನಲ್ಲಿ ಹೊರುತ್ತಾರೆ. ಪಂಪಿನ ಕಂಪನಿಯವರು, ಇನ್ನೊಂದು ಸಲ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದಾರೆ. ಅವರ ಆರ್ಡರ್ ಹೋದರೆ ಷೆಡ್ಡಿನ ಬಾಗಿಲು ತೆಗೆಯುವ ಅಗತ್ಯವೇ ಇರುವುದಿಲ್ಲ.

ನಿನ್ನ ಮುಖ ಉಳಿಸಲು ಮುಚ್ಚಿಟ್ಟೆ ಎಂದುಕೊಂಡೆಯಾ? ನಿನ್ನ ಮುಖಕ್ಕೆ ಏನಾಗಿದೆ, ಚೆನ್ನಾಗೇ ಇದೆ. ಮುಚ್ಚಿಟ್ಟದ್ದು ನನಗಾಗಿ. ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ನೀನು ಬರೆದರೆ ಸಮಿತಿ ಬೀದಿಯನ್ನು ಇಲ್ಲಿಗೆ ಕಳಿಸುತ್ತದೆ. ಕಿಡಿ ಮಾಮ ಬಲಗಡೆ ಸೈಟಿಗೆ, ತೊಟ್ಟಿಯಣ್ಣ ಹಿಂದಕ್ಕೆ, ಕೀಲಿನವರು ಎದುರಿಗೆ. ಕೈಯಲ್ಲಿ ತಂತಿ ಇದ್ದರೂ ತಲೆಯಲ್ಲಿ ನಾನು ಸೈಟು ಹಂಚುತ್ತಿರುತ್ತೇನೆ. ಅವರು ಬಂದರೆ ಎಲ್ಲ ಮೊದಲಿನ ಹಾಗಾಗುತ್ತದೆ, ಮೇಲೆ ಚಿಲಕವಿರುವ ಶೌಚಾಲಯ.

ವಾಪಸು ಹೋಗಿ ಎನ್ನಬೇಡ. ಲಾರಿ ಹೊರಟ ದಿನ ಇಡೀ ಬೀದಿ ನಿಂತು ಕೈ ಬೀಸಿತು. ನೀವೆಲ್ಲ ಇಲ್ಲೇ ಕೊಳೆಯಿರಿ ಎಂದು ತಮಾಷೆಗೆ ಹೇಳಿ ಹತ್ತಿದವಳು ನಾನು. ಈಗ ಯಾವ ಮುಖ ಹೊತ್ತುಕೊಂಡು ಇಳಿಯಲಿ?

ಆ ಪುಟ ಇದ್ದ ಹಾಗೇ ಇರಲಿ. ಒಂದು ಸುಳ್ಳು. ಅದೂ ಆರು ತಿಂಗಳಲ್ಲಿ ನಿಜವಾಗಿಬಿಡುವ ಸುಳ್ಳು. ನಾನು ನಿನ್ನನ್ನು ಇದುವರೆಗೆ ಏನೂ ಕೇಳಿಲ್ಲ.

ಕೋಣೆ ಬಿಡುತ್ತೇನೆ. ನೀನು ಬರೆಯುತ್ತೀಯ ಎಂಬ ಧೈರ್ಯದ ಮೇಲೆ ಬಿಡುತ್ತೇನೆ.

ಅತ್ತಿಗೆ


ಮೇ 17

ಅತ್ತಿಗೆ,

ನಿಮ್ಮ ಕಾಗದ ಬಂದಾಗಿನಿಂದ ಇದನ್ನು ನಾಲ್ಕೈದು ಸಲ ಶುರುಮಾಡಿ ಬಿಟ್ಟಿದ್ದೇನೆ. ಮನೆಯಲ್ಲಿ ಆಗದೆ ಆಫೀಸಿಗೆ ಒಯ್ದೆ, ಆಫೀಸಿನಲ್ಲಿ ಆಗದೆ ಈಗ ರೈಲು ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದೇನೆ, ಎಲ್ಲಿಗೂ ಹೋಗುವುದಿಲ್ಲ. ಇಲ್ಲಿ ಸುಮ್ಮನೆ ಕೂತವರನ್ನು ಯಾರೂ ಏನೂ ಕೇಳುವುದಿಲ್ಲ.

ಬಲಗಡೆಯ ಸೈಟು ಯಾರಿಗೆ ಹೋಗುತ್ತದೆ ಎಂದು ನೀವು ಏಪ್ರಿಲ್‌ನಲ್ಲಿ ಕೇಳಿದಿರಿ. ನಾನು ಉತ್ತರಿಸಲಿಲ್ಲ. ಉತ್ತರ ನನ್ನ ಮೇಜಿನ ಮೇಲೆಯೇ ಇತ್ತು. ವಸಾಹತಿನ ನಕ್ಷೆ ನಮಗೆ ಮೊದಲೇ ಕೊಟ್ಟಿದ್ದಾರೆ. ಅದು ನನಗೆ ಮುಖ್ಯವೆಂದು ಅನಿಸಿರಲಿಲ್ಲ. ಗುಣ ಕಾರ್ಖಾನೆಯದೇ ಆದಮೇಲೆ ಪಕ್ಕದಲ್ಲಿ ಯಾರಿದ್ದರೇನು ಎಂದುಕೊಂಡಿದ್ದೆ.

ಆ ಸೈಟು ಇನ್ನೊಂದು ಗೋದಾಮಿಗೆ. ವಸಾಹತಿನಲ್ಲಿ ಜಾಗ ಹಂಚುವುದು ಕೆಲಸದ ಬಗೆ ನೋಡಿ, ಗಾತ್ರ ನೋಡಿ. ಆಸಿಡ್ ಬಳಸುವವರೆಲ್ಲ ನಾಲೆಯ ಆಚೆ, ಬೇರೆ ಗೇಟಿನ ಒಳಗೆ. ತೊಟ್ಟಿಯಣ್ಣ ಅಲ್ಲಿಗೆ. ಕಿಡಿ ಮಾಮನಂಥ ಸಣ್ಣವರಿಗೆ ಒಂದು ಮಹಡಿ ಕಟ್ಟಡ ಕಟ್ಟುತ್ತಾರೆ, ಅದು ಹೆದ್ದಾರಿಯ ಕಡೆ. ಕೀಲಿನವರಿಗೆ ಎಲ್ಲಿ ಸಿಗುತ್ತದೋ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ. ಬೀದಿಯ ಜನರೆಲ್ಲ ಬರುತ್ತಾರೆ, ಬೀದಿ ಬರುವುದಿಲ್ಲ. ಅಣ್ಣನ ಸ್ಕೂಟರು ಒಂದು ಕಡೆಗೆ ಓಡುವ ಬದಲು ನಾಲ್ಕು ಕಡೆಗೆ ಓಡಬೇಕು. ನಿಮ್ಮ ಸುಳ್ಳು ಆರು ತಿಂಗಳಲ್ಲ, ಆರು ವರ್ಷ ಕಾದರೂ ನಿಜವಾಗುವುದಿಲ್ಲ. ಅದನ್ನು ನಂಬಿ ಉಳಿದವರೂ ಲಾರಿ ಹತ್ತುತ್ತಾರೆ.

ಪುಟ ಬದಲಾಯಿಸಿದ್ದೇನೆ. ಅರ್ಧಕ್ಕೆ ಇಳಿದಿದೆ ಎಂದು ಬರೆದಿದ್ದೇನೆ. ಯಾಕೆ ಇಳಿಯಿತು ಎನ್ನುವುದನ್ನು, ನಾನು ಎಣಿಸುವಾಗ ಏನನ್ನು ಬಿಟ್ಟೆ ಎನ್ನುವುದನ್ನೂ ಬರೆದಿದ್ದೇನೆ. ಈಗಿರುವ ಅಕ್ಕಪಕ್ಕವನ್ನು ಹಾಗೆಯೇ ಇಟ್ಟು ಸಾಗಿಸಲು ಆಗುವುದಾದರೆ ಸಾಗಿಸಿ, ಇಲ್ಲವಾದರೆ ಬೀದಿಯನ್ನು ಅದರ ಪಾಡಿಗೆ ಬಿಟ್ಟು ಕರೆಂಟು ಸರಿಮಾಡಿಕೊಡಿ, ಬಾಗಿಲಿಗೆ ಚಿಲಕವಿರುವ ಶೌಚಾಲಯ ಕಟ್ಟಿಕೊಡಿ ಎಂದು ಸಲಹೆ ಕೊಟ್ಟಿದ್ದೇನೆ. ನಿರ್ದೇಶಕರು ಓದಿ, ಒಂದು ಕಾರ್ಖಾನೆಯ ಕಥೆ ಪುರಾವೆಯಲ್ಲ ಎಂದರು. ಕಥೆ ನಮಗೆ ಬೇಕಾದ ಹಾಗಿದ್ದಾಗಲೂ ಅದು ಒಂದೇ ಕಾರ್ಖಾನೆಯದಾಗಿತ್ತು ಸರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆದರೆ ಪುಟ ತೆಗೆಯಲಿಲ್ಲ.

ಇನ್ನು ನಿಮಗೆ ಆಗುವ ನಷ್ಟ. ಪಂಪಿನ ಕಂಪನಿಯವರೊಬ್ಬರು ಆ ಸಮಿತಿಯಲ್ಲಿದ್ದಾರೆ. ಹೆಸರಿಲ್ಲದಿದ್ದರೂ ಅವರಿಗೆ ನೀವು ಯಾರೆಂದು ತಿಳಿಯುತ್ತದೆ. ಆರ್ಡರ್ ಹೋಗಬಹುದು. ಯಾಕೆ ತಡವಾಗುತ್ತಿತ್ತೆಂದು ತಿಳಿದು ಸ್ವಲ್ಪ ಕಾಯಲೂಬಹುದು. ಯಾವುದೆಂದು ನನಗೆ ಗೊತ್ತಿಲ್ಲ. ನನಗೆ ಗೊತ್ತಿಲ್ಲ ಎಂದು ನಿಮಗೆ ಬರೆಯುತ್ತಿರುವುದು ಇದೇ ಮೊದಲಿರಬೇಕು.

ಕೋಣೆ ಬಿಡುವುದು, ಇಟ್ಟುಕೊಳ್ಳುವುದು ನಿಮ್ಮ ಇಷ್ಟ. ಹೋದ ಸಲ ಹೊರಡಿ ಎಂದು ನಾನು ಹೇಳಿ ಆಗಿದೆ, ಈಗ ಹಿಂತಿರುಗಿ ಎಂದು ಹೇಳುವ ಬಾಯಿ ನನಗಿಲ್ಲ. ಆದರೆ ಬೀದಿ ಹಿಂದಿನಿಂದ ಬರುತ್ತದೆ ಎಂದು ನಂಬಿಕೊಂಡು ಕೋಣೆ ಬಿಡಬೇಡಿ. ಮುಖದ ಪ್ರಶ್ನೆ ಮಾತ್ರವಾದರೆ ಒಂದು ಮಾತು. ಮೊನ್ನೆ ಬೀದಿಯಿಂದ ಹೊರಡುವ ಮೊದಲು ಕಿಡಿ ಮಾಮನನ್ನು ಕೇಳಿದ್ದೆ, ಅತ್ತಿಗೆ ವಾಪಸು ಬಂದರೆ ಬೀದಿಯವರು ಏನಂತಾರೆ ಎಂದು. ಚಕ್ರ ನಿಲ್ಲಿಸದೆಯೇ, “ಏನಂತೀವಿ? ಕೊಳೆತವರ ಜೊತೆ ಕೊಳೆಯೋಕೆ ಬಂದ್ಯಾ ತಾಯಿ ಅಂತೀವಿ. ಒಂದು ತಿಂಗಳು ಅಂತೀವಿ. ಆಮೇಲೆ ಬೇಜಾರಾಗುತ್ತೆ,” ಎಂದರು.

ನಿಮ್ಮನ್ನು ಕೇಳಿಯೇ ಆ ಪುಟ ಬರೆಯಬೇಕಿತ್ತು. ಕೇಳಿದರೆ ನೀವು ಬೇಡ ಎನ್ನುತ್ತೀರಿ. ನೀವು ಬೇಡ ಎಂದರೆ ನಾನು ಖಂಡಿತ ಕೈಬಿಡುತ್ತೇನೆ, ಕೈಬಿಟ್ಟು ಅದಕ್ಕೊಂದು ಒಳ್ಳೆಯ ಕಾರಣವನ್ನೂ ಹುಡುಕಿಕೊಳ್ಳುತ್ತೇನೆ. ಆ ಅವಕಾಶ ನಮ್ಮಿಬ್ಬರಿಗೂ ಇರಬಾರದು ಎಂದು ನಾನೊಬ್ಬಳೇ ತೀರ್ಮಾನಿಸಿದ್ದೇನೆ. ಇದು ಸರಿಯೋ ತಪ್ಪೋ ನೀವು ಸಿಟ್ಟಿನಲ್ಲಿ ಹೇಳಿ, ಕೇಳಿಸಿಕೊಳ್ಳುತ್ತೇನೆ. ಈ ಸಲ ಫೋನಿನಲ್ಲಿ ಬೈದರೂ ಆಗುತ್ತದೆ.

ವರದಿ ಇಪ್ಪತ್ತನೆಯ ತಾರೀಖು ಸಮಿತಿಯ ಕೈಗೆ ಹೋಗುತ್ತದೆ. ಕರಾರು ಮುಗಿಯುವುದು ಮೂವತ್ತೊಂದಕ್ಕೆ. ನನ್ನನ್ನು ತಡೆಯಲು ನಿಮಗೆ ಹೊತ್ತು ಸಿಗಬಾರದು, ಕೋಣೆಯ ಬಗ್ಗೆ ನೀವು ತಡೆದು ಯೋಚಿಸಲು ಸಿಗಬೇಕು.

ಈ ಕಾಗದವನ್ನು ಅಂಚೆಗೆ ಹಾಕುವುದು ಮೇ 21ರಂದು.